ಮಿಲ್ಟನ್ನಿನ ಸಾಕ್ಷಿ

ಸ್ಕಾರ್‌ಬರೋದಲ್ಲಿ ನಾನು ಬಾಡಿಗೆಗಿದ್ದ ಬೇಸ್‌ಮೆಂಟಿನ ಮೇಲೆ ಜಾಫ್ನಾದ ತಮಿಳು ಹೆಂಗಸೊಬ್ಬರಿದ್ದರು. ಮನೆ ಅವರ ಮಗನದು, ಆಳ್ವಿಕೆ ಅವರದು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಅವರು ನನ್ನನ್ನು ಪಿಳ್ಳೈ, ಅಂದರೆ ಮಗು, ಎಂದು ಕರೆಯುತ್ತಿದ್ದರು. ನಲವತ್ತಮೂರು ವರ್ಷದ, ಬಿಪಿ ಮಾತ್ರೆ ನುಂಗುವ ಮಗು. ಬೆಂಗಳೂರಿನ ಬೀದಿಯಲ್ಲಿ ಕಲಿತ ನನ್ನ ತಮಿಳು ಕಿವಿಗೆ ಬಿದ್ದರೆ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. "ಇದು ತಮಿಳಲ್ಲ, ತರಕಾರಿ ಮಾರೋರ ಕೂಗು" ಎಂಬುದು ತೀರ್ಪು. ಆದರೂ ದಿನಾ ಸಂಜೆ ಮೇಲೆ ಕರೆದು, ಟೀ ಕೊಟ್ಟು, ಅದೇ ಕೂಗನ್ನು ಕೇಳಿಸಿಕೊಳ್ಳುತ್ತಿದ್ದರು.

ನಾನು ಇನ್ಶೂರೆನ್ಸ್ ಆಫೀಸಿನಲ್ಲಿ ಕ್ಲೇಮ್ ಫಾರಂಗಳನ್ನು ನೋಡುವವಳು. ಹಾಗಾಗಿ 2016ರ ಬೇಸಿಗೆಯಲ್ಲಿ ಅಕ್ಕ ಒಂದು ಫಾರಂ ತಂದು ನನ್ನ ಮುಂದಿಟ್ಟರು. ಅಕ್ಕನ ದೇಶದ ಯುದ್ಧದಲ್ಲಿ ಕಾಣೆಯಾದವರ ಮನೆಯವರಿಂದ ವಕೀಲರೊಬ್ಬರು ಹೇಳಿಕೆ ಪಡೆದು ಅಲ್ಲಿನ ಸರ್ಕಾರಕ್ಕೆ ಕಳಿಸುತ್ತಿದ್ದರು. ಅಕ್ಕನದು ತಮ್ಮನ ವಿಷಯ. ಯುದ್ಧದ ಕೊನೆಯ ದಿನಗಳಲ್ಲಿ ಅಕ್ಕ ಅವನ ಕೈ ಹಿಡಿದುಕೊಂಡೇ ಸೈನಿಕರ ಮುಂದೆ ಸಾಲಿನಲ್ಲಿ ನಿಂತಿದ್ದರು. ವಿಚಾರಣೆ ಮಾಡಿ ಎರಡು ದಿನದಲ್ಲಿ ಕಳಿಸುತ್ತೇವೆ ಎಂದು ಹೇಳಿ ಸೈನಿಕರು ಅವನನ್ನು ಬಸ್ಸು ಹತ್ತಿಸಿದರು. ಅದಾಗಿ ಏಳು ವರ್ಷ. ಅಕ್ಕನಿಗೆ ಪರಿಹಾರ ಬೇಕಿರಲಿಲ್ಲ. ಆ ಬಸ್ಸು ಎಲ್ಲಿಗೆ ಹೋಯಿತು ಎಂದು ಹತ್ತಿಸಿದವರೇ ಬಾಯಿಬಿಟ್ಟು ಹೇಳಬೇಕಿತ್ತು, ಅಷ್ಟೇ.

ಫಾರಂ ತುಂಬಿತು, ಸಾಕ್ಷಿಯ ಜಾಗ ಮಾತ್ರ ಖಾಲಿ ಉಳಿಯಿತು. ಅಂದು ಸಾಲಿನಲ್ಲಿ ಅಕ್ಕನ ಹಿಂದೆಯೇ ನಿಂತಿದ್ದ ನೆರೆಮನೆಯಾಕೆ ಈಗ ಮಿಲ್ಟನ್ನಿನಲ್ಲಿ ಮಗಳ ಮನೆಯಲ್ಲಿದ್ದರು. ಅಕ್ಕ ಎರಡು ಸಲ ಹೋಗಿ ಕೇಳಿದ್ದರು. ಎರಡು ಸಲವೂ ಆಕೆ ವಡೆ ತಿನ್ನಿಸಿ ಕಳಿಸಿದ್ದರು, ಸಹಿ ಹಾಕಿರಲಿಲ್ಲ. ಆಕೆಯ ಮಗ ಇನ್ನೂ ಆ ದೇಶದಲ್ಲೇ ಇದ್ದ.

"ಹೋಗ್ಲಿ ಬಿಡಿ ಅಕ್ಕಾ" ಎಂದೆ ನಾನು. "ಹಳೇದನ್ನ ಕೆದಕಿ ಯಾರಿಗೇನ್ ಸಿಗುತ್ತೆ? ಕ್ಷಮಿಸಿಬಿಟ್ಟು ಮೂವ್ ಆನ್ ಆಗ್ಬೇಕು."

"ಯಾರನ್ನ ಕ್ಷಮಿಸ್ಲಿ ಪಿಳ್ಳೈ? ನಾನು ಮಾಡ್ದೆ ಅಂತ ಇನ್ನೂ ಯಾರೂ ಮುಂದೆ ಬಂದಿಲ್ವಲ್ಲ."

ಉಪದೇಶ ಮಾಡುವವರು ಪ್ರಶ್ನೆಗಳಿಗೆಲ್ಲ ನಿಲ್ಲುವುದಿಲ್ಲ. ಬೇಸಿಗೆ ಮುಗಿಯುವವರೆಗೂ ನಾನು ಕ್ಷಮೆಯ ಮಹಿಮೆಯನ್ನು ಹೇಳುತ್ತಲೇ ಇದ್ದೆ.

ಸೆಪ್ಟೆಂಬರಿನಲ್ಲಿ ಕಾವೇರಿ ಗಲಾಟೆ ಮತ್ತೆ ಎದ್ದಿತು. ಬೆಂಗಳೂರಿನಲ್ಲಿ ಬಸ್ಸುಗಳು ಉರಿಯುತ್ತಿರುವ ವಿಡಿಯೋವನ್ನು ಅಕ್ಕ ನನ್ನ ಮುಂದೆ ಹಿಡಿದರು.

"ನಿಮ್ಮೂರಲ್ವಾ ಇದು? ಹಿಂದೆ ಕೂಡ ಹೀಗೇ ಆಗಿತ್ತಂತೆ. ಆಗ ನೀನು ಅಲ್ಲೇ ಇದ್ದ್ಯಾ?"

"ನಾನೇನೂ ಮಾಡ್ಲಿಲ್ಲ!" ಎಂದುಬಿಟ್ಟೆ.

ಅವರು ಕೇಳಿದ್ದು ಅಲ್ಲಿದ್ದೆಯಾ ಎಂದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು. ಅಕ್ಕ ಫೋನು ಕೆಳಗಿಟ್ಟು ಕುರ್ಚಿಯನ್ನು ನನ್ನತ್ತ ಎಳೆದುಕೊಂಡರು. ಹೇಳದೆ ಬೇರೆ ದಾರಿ ಇರಲಿಲ್ಲ.

ಆ ಹಿಂದಿನ ಗಲಾಟೆಯಾದಾಗ ನನಗೆ ಹದಿನೆಂಟು. ನಮ್ಮ ಬೀದಿಯ ಮೂಲೆಯಲ್ಲಿ ತಮಿಳಿನವನೊಬ್ಬನ ಇಸ್ತ್ರಿ ಗಾಡಿ ಇತ್ತು. ಅದಕ್ಕೆ ಸೀಮೆಎಣ್ಣೆ ಸುರಿದ ಹುಡುಗರಲ್ಲಿ ನನ್ನ ಅಣ್ಣನೂ ಇದ್ದ. ನಾನು ಮಹಡಿಯಿಂದ ನೋಡಿದೆ. ಮಾರನೆಯ ದಿನ ಪೊಲೀಸರು ಬಂದಾಗ ಬಾಗಿಲು ತೆಗೆದವಳೂ ನಾನೇ. ಯಾರೋ ಹೊರಗಿನವರು ಎಂದೆ. ಇಸ್ತ್ರಿಯವನು ಆ ವಾರವೇ ಹೆಂಡತಿಯೊಂದಿಗೆ ಊರು ಬಿಟ್ಟ. ಹೋಗುವ ಮುಂಚೆ, ಅವನ ಮನೆಯಲ್ಲಿ ಉಳಿದಿದ್ದ ನಮ್ಮ ಬಟ್ಟೆಗಳನ್ನು ಮಡಿಸಿ ತಂದು ನಮ್ಮ ಬಾಗಿಲಲ್ಲಿ ಇಟ್ಟುಹೋಗಿದ್ದ. ಅದರಲ್ಲಿ ಅಣ್ಣನ ಎರಡು ಶರಟುಗಳೂ ಇದ್ದವು.

ಅಕ್ಕ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. "ಹಾಗಾದ್ರೆ ನೀನೂ ನನ್ನ ಮಿಲ್ಟನ್ನೋಳ ಥರಾನೇ" ಎಂದಷ್ಟೇ ಹೇಳಿ ಲೋಟ ತೊಳೆಯಲು ಒಳಗೆ ಹೋದರು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂದು ನಮ್ಮಮ್ಮ ಬೇರೆಯವರ ಬಗ್ಗೆ ಹೇಳುತ್ತಿದ್ದ ಮಾತು ನೆನಪಾಗಿ ನನಗೆ ನಾಚಿಕೆಯಾಯಿತು.

ಆ ಭಾನುವಾರ ಅಕ್ಕನಿಗೆ ಹೇಳದೆ ಫಾರಂ ತೆಗೆದುಕೊಂಡು ಮಿಲ್ಟನ್ನಿಗೆ ಕಾರು ಓಡಿಸಿದೆ. ಎಲ್ಲ ಮನೆಗಳೂ ಒಂದೇ ಥರ ಇರುವ ಆ ಬಡಾವಣೆಯಲ್ಲಿ ಎರಡು ತಪ್ಪು ಬಾಗಿಲು ತಟ್ಟಿ, ಮೂರನೆಯದರಲ್ಲಿ ಆಕೆ ಸಿಕ್ಕರು. ನಾನು ಕೂರುವುದರೊಳಗೆ ವಡೆಯ ತಟ್ಟೆ ಬಂತು. ಬಾಯಿ ತುಂಬಿಸಿ ಮಾತು ತಪ್ಪಿಸುವುದರಲ್ಲಿ ಆಕೆ ಪಳಗಿದವರು. ನಾನು ತಟ್ಟೆ ಪಕ್ಕಕ್ಕಿಟ್ಟೆ. ಕ್ಷಮೆ, ನ್ಯಾಯ ಯಾವುದನ್ನೂ ಎತ್ತದೆ ಇಸ್ತ್ರಿ ಗಾಡಿಯ ಕಥೆ ಹೇಳಿ, ಅಕ್ಕನ ಫಾರಂ ಮುಂದಿಟ್ಟೆ.

ಆಕೆ ಪೂರ್ತಿ ಕೇಳಿ, "ನನ್ನ ಮಗ ಇನ್ನೂ ಅಲ್ಲೇ ಇದ್ದಾನೆ. ಇದಕ್ಕೆ ಸಹಿ ಹಾಕಿದ್ರೆ ಅವನ ಮನೆಗೆ ಯಾರು ಬರ್ತಾರೋ ಗೊತ್ತಿಲ್ಲ. ನಿನ್ನ ಅಣ್ಣ ಎಲ್ಲಿದ್ದಾನೆ?" ಎಂದರು.

"ಬೆಂಗಳೂರಲ್ಲಿ."

"ಚೆನ್ನಾಗಿದ್ದಾನಾ?"

"ಚೆನ್ನಾಗಿದ್ದಾನೆ."

"ಹಾಗಾದ್ರೆ ಮೊದಲು ನೀನು ಬರಿ."

ಮೊಮ್ಮಗಳ ನೋಟ್‌ಬುಕ್ಕಿನಿಂದ ಹಾಳೆ ಹರಿದು ಕೊಟ್ಟರು. ನಾನು ಕನ್ನಡದಲ್ಲಿ ಬರೆದೆ: ಬೀದಿ, ಗಾಡಿ, ಸೀಮೆಎಣ್ಣೆ, ಪೊಲೀಸರಿಗೆ ಹೇಳಿದ ಸುಳ್ಳು. ಆಕೆಗೆ ಕನ್ನಡ ಓದಲು ಬಾರದು. "ಅಣ್ಣನ ಹೆಸರು ಎಲ್ಲಿದೆ, ತೋರಿಸು" ಎಂದರು. ಅದನ್ನೇ ನಾನು ಬರೆದಿರಲಿಲ್ಲ. ಬರೆದೆ, ಬೆರಳಿಟ್ಟು ತೋರಿಸಿದೆ. ಆಮೇಲೆ ಆಕೆ ಕನ್ನಡಕ ಹಾಕಿಕೊಂಡು ಅಕ್ಕನ ಫಾರಂಗೆ ನಿಧಾನವಾಗಿ ಸಹಿ ಹಾಕಿ, "ಮಗನಿಗೆ ಇವತ್ತೇ ಫೋನ್ ಮಾಡಿ ಹೇಳ್ಬೇಕು" ಎಂದರು.

ಸೋಮವಾರ ಫಾರಂ ವಕೀಲರ ಕೈ ಸೇರಿತು. ಸಹಿ ನೋಡಿ ಅಕ್ಕ ಅತ್ತರು. ವರ್ಷಗಳು ಕಳೆದರೂ ಸರ್ಕಾರದಿಂದ ಉತ್ತರ ಬರಲಿಲ್ಲ. ಅಕ್ಕ ದಿನಾ ಟಪಾಲು ಪೆಟ್ಟಿಗೆ ತೆಗೆದು ನೋಡುತ್ತಿದ್ದರು. ಒಂದು ಸಂಜೆ ಅವರ ಮುಂದೆ ನಾನೂ ನನ್ನ ಕಷ್ಟ ಹೇಳಿಕೊಂಡೆ: ಮಿಲ್ಟನ್ನಿನಲ್ಲಿ ಬರೆದ ಹಾಳೆ ಇನ್ನೂ ನನ್ನ ಬಳಿಯೇ ಇದೆ, ಅದನ್ನು ಎಲ್ಲಿಗೆ ಕಳಿಸಬೇಕೋ ಗೊತ್ತಾಗುತ್ತಿಲ್ಲ.

"ಯಾರನ್ನಾದ್ರೂ ಕೇಳಿದ್ಯಾ ಪಿಳ್ಳೈ?" ಎಂದರು.

ಕೇಳಿರಲಿಲ್ಲ.