ಮೈ ಮದರ್ ಈಸ್ ಯೆಲ್ಲೋ

ಆಗೆಲ್ಲ ನಮ್ಮ ಶಾಲೆಯಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದುದು ಐದನೆಯ ತರಗತಿಯಿಂದ. ಏಳನೆಯದಕ್ಕೆ ಬಂದರೂ ನಾನು ‘ಈಸ್’ ಮರೆಯುತ್ತಲೇ ಇದ್ದೆ. ನಮ್ಮ ಮಾತಿನಲ್ಲಿ ‘ಅವ್ವ ಒಳ್ಳೇಕಿ’ ಅಂದರೆ ಮುಗಿಯಿತು. ನಡುವೆ ಇನ್ನೊಂದು ಶಬ್ದ ಯಾಕೆ ಬೇಕೋ ತಿಳಿಯುತ್ತಿರಲಿಲ್ಲ.

ಆ ಮಳೆಗಾಲ ದಾಂಡೇಲಿಯ ನಮ್ಮ ಚಾಳಿನ ಗೋಡೆಗಳಿಗೂ ಕಾಗದದ ಗಿರಣಿಯ ವಾಸನೆ ಹಿಡಿದಿತ್ತು. ಅಪ್ಪ ಅಲ್ಲಿ ಬಿದಿರು ಇಳಿಸುತ್ತಿದ್ದ. ಗಿರಣಿಯ ವಾಸನೆ ರೂಢಿಯಾಗಿದ್ದ ಅವ್ವ ಈಗ ಒಗ್ಗರಣೆಯ ವಾಸನೆ ಬಂದರೆ ಸಾಕು, ಬಾಯಿಗೆ ಸೆರಗು ಒತ್ತಿಕೊಂಡು ಹಿತ್ತಲಿಗೆ ಓಡುತ್ತಿದ್ದಳು.

“ಪಿತ್ತ ಆಗೈತಿ, ಮಜ್ಜಿಗಿ ಕುಡಿ,” ಎನ್ನುತ್ತಿದ್ದ ಅಪ್ಪ.

ಒಂದು ದಿನ ಇಂಗ್ಲಿಷ್ ಟೀಚರ್ ಬೋರ್ಡಿನ ನಡುವೆ ಗೆರೆ ಎಳೆದರು. ಎಡಕ್ಕೆ ಇದ್ದದ್ದನ್ನು ಇದ್ದಂತೆ ಹೇಳುವ ವಾಕ್ಯ, ಬಲಕ್ಕೆ ಅಲಂಕಾರದ ವಾಕ್ಯ.

“ನಿಮ್ಮ ಮನಿಯವರ ಬಗ್ಗೆ ಬರೀರಿ. ‘ಈಸ್’ ಆದಮ್ಯಾಲೆ ಒಂದು ಗುಣ ಬರಬೇಕು,” ಎಂದರು.

ನನ್ನ ಸರದಿ ಬಂದಾಗ ನಾನು ಬೋರ್ಡಿಗೆ ಹೋಗಿ, ಈಸ್ ಮರೆಯದೆ ಎಡಕ್ಕೆ ಬರೆದೆ: ಮೈ ಮದರ್ ಈಸ್ ಯೆಲ್ಲೋ. ನನ್ನ ಅವ್ವ ಹಳದಿಯಾಗಿದ್ದಾಳೆ.

ಟೀಚರ್ ಖುಷಿಯಾಗಿಬಿಟ್ಟರು. ಅದನ್ನು ಒರೆಸಿ ಬಲಕ್ಕೆ ಬರೆದರು. “ಶಭಾಷ್! ಮನಷ್ಯಾರು ಹಳದಿ ಇರ್ತಾರೇನು? ಇದು ಅಲಂಕಾರ. ಬಂಗಾರದಂಥಾಕಿ ಅಂತ ಅರ್ಥ.”

“ಅಲ್ರಿ ಟೀಚರ್, ನಮ್ಮವ್ವ ಖರೇನ ಹಳದಿ ಆಗ್ಯಾಳ್ರಿ.”

ತರಗತಿ ಗೊಳ್ಳೆಂದಿತು. ಟೀಚರೂ ನಕ್ಕರು. “ಅರಿಷಿಣ ಹಚ್ಕೊಂಡಿರ್ತಾಳ, ಹುಚ್ಚಿ.”

ಮನೆಗೆ ಬಂದು ಹೇಳಿದೆ. ರೊಟ್ಟಿ ಬಡಿಯುತ್ತಿದ್ದ ಅವ್ವ ಹಿಟ್ಟಿನ ಕೈ ತಿರುವಿ ನೋಡಿಕೊಂಡಳು. “ನಾ ಅರಿಷಿಣ ಎಲ್ಲೆ ಹಚ್ಚೇನಿ?” ಎಂದಳು. ಆಮೇಲೆ ತಾನೇ ಸಮಾಧಾನ ತಂದುಕೊಂಡಳು: “ಇರ್ಲಿ ಬಿಡವಾ, ಕಲತವ್ರು ಹೇಳ್ಯಾರ.”

ಅವಳ ಕಣ್ಣಿನ ಬಿಳಿಯೂ ಹಳದಿಯಾಗಿತ್ತು. ಆದರೂ ನನಗೆ ಎಷ್ಟು ನಿರಾಳವಾಯಿತೆಂದರೆ, ಎರಡು ರೊಟ್ಟಿ ಹೆಚ್ಚು ತಿಂದೆ.

ಕಾಮಾಲೆ ಎಂದು ಡಾಕ್ಟರು ಹೇಳುವ ಹೊತ್ತಿಗೆ ಅವ್ವನಿಗೆ ಗುರುತು ಹಿಡಿಯುವ ಎಚ್ಚರವೂ ಇರಲಿಲ್ಲ. ಮುತ್ತೈದೆ ಸಾವೆಂದು ಚಾಳಿನ ಹೆಂಗಸರು ಅವಳ ಮುಖಕ್ಕೆ, ಕೈಕಾಲಿಗೆ ಅರಿಷಿಣ ಹಚ್ಚಿದರು. ಹಚ್ಚಿದ್ದು ಕಾಣಲೇ ಇಲ್ಲ.

ಈಗ ಆ ಚಾಳಿಲ್ಲ, ಅಪ್ಪನೂ ಇಲ್ಲ. ನನ್ನ ಮಗಳು ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಕಲಿತವಳು, ಈಸ್ ಎಂದೂ ಮರೆಯುವುದಿಲ್ಲ. ಮೊನ್ನೆ ಶಾಲೆಯ ಅಭ್ಯಾಸ ಬರೆಯುತ್ತ, “ಅವ್ವಾ, ಅಜ್ಜಿ ಹೆಂಗಿದ್ಲು? ಕೆಂಪಗಿದ್ಲೋ, ಕಪ್ಪಗಿದ್ಲೋ?” ಎಂದು ಕೇಳಿದಳು.

ಹಳದಿಗೆ ಮೊದಲು ನನ್ನ ಅವ್ವ ಯಾವ ಬಣ್ಣದವಳಿದ್ದಳು ಎಂಬುದು ನನಗೆ ನೆನಪಿಲ್ಲ.