ಕೂಗು ಬಾರದ ಮಧ್ಯಾಹ್ನ

ದಾವಣಗೆರೆಯ ಹತ್ತಿ ಮಿಲ್ಲೊಂದರಲ್ಲಿ ಪಾಳಿ ಬದಲಾಗುವಾಗ ಹಗ್ಗ ಜಗ್ಗಿ ಉಗಿಯ ಕೂಗು ಹಾಕುವುದು ನನ್ನ ಕೆಲಸವಾಗಿತ್ತು. ಎಲ್ಲೂ ಆರು ತಿಂಗಳು ನಿಲ್ಲದ ನಾನು ಅಲ್ಲಿ ಎರಡು ವರ್ಷ ನಿಂತಿದ್ದೆ. ಅಷ್ಟರಲ್ಲಿ ಎರಡೂ ಕಿವಿ ಮಂದವಾಗುತ್ತ ಬಂದವು. ಹರಿಹರದ ಡಾಕ್ಟರು ಕಿವಿಯೊಳಗೆ ಬ್ಯಾಟರಿ ಬೆಳಕು ಬಿಟ್ಟು ನೋಡಿ, "ಒಳಗೆಲ್ಲ ಚೆನ್ನಾಗೇ ಐತಲ್ಲಪ್ಪ, ಯಾಕಂತ ನನಗೂ ತಿಳೀತಿಲ್ಲ" ಎಂದರು.

ಕೆಲಸ ಹೋದೀತೆಂದು ಯಾರಿಗೂ ಹೇಳಲಿಲ್ಲ. ಮಗ್ಗಗಳ ಗದ್ದಲದಲ್ಲಿ ಮಿಲ್ಲಿನವರೆಲ್ಲ ತುಟಿ ನೋಡಿಯೇ ಮಾತಾಡುವವರು, ಹಾಗಾಗಿ ನನ್ನ ಗುಟ್ಟು ಉಳಿದುಕೊಂಡಿತು. ಆ ಕೂಗೊಂದು ಮಾತ್ರ ಇನ್ನೂ ಕೇಳುತ್ತಿತ್ತು.

ಒಂದು ಮಧ್ಯಾಹ್ನ ಹಗ್ಗ ಜಗ್ಗಿದೆ. ಬಿಳಿ ಉಗಿ ಎದ್ದಿತು, ಕೂಗು ಬರಲಿಲ್ಲ. ಕೊಳವೆ ಕೆಟ್ಟಿದೆಯೆಂದು ಮತ್ತೆ ಜಗ್ಗಿದೆ, ಜೋತುಬಿದ್ದು ಜಗ್ಗಿದೆ. ಅಂಗಳದ ತುಂಬ ಜನ ಎರಡೂ ಕೈ ಕಿವಿಗೆ ಒತ್ತಿಕೊಂಡು, ಬಾಯಿ ತೆರೆದು ನನ್ನ ಕಡೆಗೇ ಓಡಿಬರುತ್ತಿದ್ದರು. ಒಂದಿಷ್ಟೂ ಸದ್ದಿಲ್ಲ.

ಬಾಯ್ಲರ್ ಮೇಸ್ತ್ರಿ ಗೌಸ್ ಸಾಬರು ಹಗ್ಗ ಕಿತ್ತುಕೊಂಡರು. ಅವರ ತುಟಿ ಓದಿದೆ. "ಬೆಂಕಿ ಬಿತ್ತೇನೋ? ಯಾಕ ಹಿಂಗೆ ಕೂಗಿಸ್ತೀಯ?"

"ಕೂಗು ಕೆಟ್ಟೈತ್ರಿ ಚಾಚಾ, ಬರ್ತಾನೇ ಇಲ್ಲ."

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ನನ್ನ ಬೆನ್ನ ಹಿಂದೆ ಹೋಗಿ ಸ್ವಲ್ಪ ಹೊತ್ತು ನಿಂತು, ಮೆಲ್ಲಗೆ ಮುಂದೆ ಬಂದರು.

"ಮೂರು ಸಲ ಕರೆದೆ ಬೇಟಾ."

ಆ ಹಗ್ಗ ಮತ್ತೆ ನನ್ನ ಕೈಗೆ ಬರಲಿಲ್ಲ. ಮರುದಿನ ಹರಿಹರದ ಕಡೆಗೆ ಹೊರಡಲಿದ್ದ ರೈಲಿನಲ್ಲಿ, ಇಂಜಿನ್ನಿನ ಹಿಂದಿನ ಡಬ್ಬಿಯಲ್ಲೇ ಕೂತಿದ್ದೆ. ಎದುರಿಗಿದ್ದ ತಾಯಿ ತಟ್ಟನೆ ಕೂಸಿನ ಕಿವಿ ಮುಚ್ಚಿದಳು. ಓಹೋ, ಹೊರಟಿತು ಎಂದುಕೊಂಡೆ.