ಕಂಬಕ್ಕೆ ಕೇಳಿದ ಪ್ರಶ್ನೆ

ಮುನಿಶಾಮಮ್ಮನನ್ನು ಪಂಚಾಯಿತಿ ಮೆಂಬರ್ ಮಾಡಿದ್ದೇ ಅವಳು ಬಾಯಿ ಬಿಡುವುದಿಲ್ಲ ಎಂಬ ಧೈರ್ಯದ ಮೇಲೆ. ಸಾವಿರದ ಒಂಬೈನೂರ ಅರವತ್ತರ ಸುಮಾರಿಗೆ ಹೊಸ ಕಾನೂನು ಬಂದು, ಹೆಂಗಸರಿಗೂ ಜಾಗ ಕೊಡಬೇಕು ಎಂದಾಗ ಯಲಹಂಕದಾಚೆಯ ಹುಣಸೆಗುಂದಿಯ ಗಂಡಸರು ತಲೆ ಕೆರೆದುಕೊಂಡರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ಹೆಂಗಸು ಎಲ್ಲಿ ಸಿಕ್ಕಾಳು? ಚೇರ್ಮನ್ ಮುನಿವೆಂಕಟಯ್ಯನೇ ದಾರಿ ತೋರಿಸಿದ. ನಮ್ಮ ಮನೆಯಲ್ಲೇ ಇದ್ದಾಳಲ್ಲ, ತೀರಿಕೊಂಡ ತಮ್ಮನ ಹೆಂಡತಿ, ಅವಳ ಹೆಸರು ಬರೆಯಿರಿ ಅಂದ.

ಆ ಮನೆಯ ಪದ್ಧತಿ ಊರಿಗೆಲ್ಲ ಗೊತ್ತಿತ್ತು. ಗಂಡನ ಅಣ್ಣ ಅಂದರೆ ಭಾವ. ಭಾವನ ಎದುರು ಅವಳು ಕೂರುವಂತಿಲ್ಲ, ಮುಖ ನೋಡಿ ಮಾತಾಡುವಂತಿಲ್ಲ. ಸರಿ, ಒಂದೇ ಸೂರಿನಡಿ ಇದ್ದಮೇಲೆ ಉಪ್ಪು ಮುಗಿದದ್ದನ್ನು ಯಾರಿಗೆ ಹೇಳುವುದು? ಮುನಿವೆಂಕಟಯ್ಯನ ಹೆಂಡತಿ ಕಾಯಿಲೆಯವಳು, ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಅದಕ್ಕೇ ನಡುಮನೆಯ ಕಂಬ ಬೇಕಾಯಿತು. ಮುನಿಶಾಮಮ್ಮ ಈಚೆ ನಿಂತು, ರಾಗಿಹಿಟ್ಟು ಮುಗಿಯಿತು ಕಂಬಣ್ಣ ಎನ್ನುವಳು. ಅವನು ಆಚೆ ಕೂತು, ನಾಳೆ ಬೀಸಿಸುತ್ತೇನೆ ಎಂದು ಕಂಬಕ್ಕೇ ಉತ್ತರ ಕೊಡುವನು. ಕಂಬಕ್ಕೆ ಸುಳ್ಳು ಹೇಳಿದರೆ ಮಾರನೆಯ ದಿನ ತಟ್ಟೆಯಲ್ಲಿ ಮುದ್ದೆ ಇರುವುದಿಲ್ಲ. ಹಾಗಾಗಿ ಆ ಮನೆಯಲ್ಲಿ ಕಂಬಕ್ಕೆ ಸುಳ್ಳು ಹೇಳುವ ರೂಢಿಯೇ ಬೆಳೆಯಲಿಲ್ಲ.

ಮಾಕಳಿಯಿಂದ ಮದುವೆಯಾಗಿ ಬಂದವಳು ಅವಳು. ಮಕ್ಕಳಿಲ್ಲ, ಹೆಸರಿನಲ್ಲಿ ಒಂದು ಗುಂಟೆ ಜಮೀನಿಲ್ಲ, ತವರಿನಲ್ಲಿ ಬಾ ಎನ್ನುವವರೂ ಉಳಿದಿರಲಿಲ್ಲ. ಭಾವ ಮುನಿದರೆ ಹೋಗಲು ಜಾಗವಿಲ್ಲ ಎಂಬುದು ಅವಳ ಎದೆಯಲ್ಲಿ ಸದಾ ಇತ್ತು. ಮೀಟಿಂಗಿಗೆ ಹೋದರೆ ಚಾವಡಿಯ ಕಂಬಕ್ಕೆ ಒರಗಿ ಸೆರಗು ಹೊದ್ದು ನಿಲ್ಲುವಳು. ಕಾರ್ಯದರ್ಶಿ ನರಸಯ್ಯ ಕರೆದಾಗ ಹೆಬ್ಬೆಟ್ಟು ಒತ್ತಿ ಮನೆಗೆ ಬರುವಳು.

ಕೆಳಗಿನ ಬೀದಿಯ ಬಾವಿ ಆಗ ಹೂಳು ತುಂಬಿ ಕೆಟ್ಟಿತ್ತು. ಕೊಡ ಬಿಟ್ಟರೆ ಅರ್ಧ ಕೆಸರು. ಆ ಬೀದಿಯ ಹೆಂಗಸರು ಕುಡಿಯುವ ನೀರಿಗೆ ಕೆರೆಯ ತನಕ ನಡೆಯುತ್ತಿದ್ದರು. ಅಲ್ಲಿಯ ಗೌಹರ್ ಪಂಚಾಯಿತಿಗೆ ದೂರು ಕೊಟ್ಟು ಕೊಟ್ಟು ಸಾಕಾಗಿದ್ದಳು. ಪರಿಶೀಲಿಸುತ್ತೇವೆ ಎಂಬ ಒಂದೇ ಉತ್ತರ. ಕಡೆಗೆ ಒಂದು ದಿನ ಮುನಿಶಾಮಮ್ಮನ ಹಿತ್ತಲಿಗೇ ಬಂದಳು.

"ಅಮ್ಮಾ, ನೀವು ಅಲ್ಲಿ ಇರ್ತೀರಲ್ಲ, ನಮ್ ಬಾವಿದು ಒಂದ್ ಮಾತು ಕೇಳಿ" ಅಂದಳು.

ಮುನಿಶಾಮಮ್ಮನಿಗೆ ಅತ್ತ ದರಿ, ಇತ್ತ ಪುಲಿ. ಗೌಹರಳ ಬರಿಗೊಡಕ್ಕೆ ತನ್ನ ಮನೆಯ ಹಂಡೆಯಿಂದ ನೀರು ತುಂಬಿ ಕಳಿಸಿದಳು. ಒಂದು ಕೊಡ ನೀರಿಗೆ ಬೀದಿಯ ಬಾಯಾರಿಕೆ ಹೋಗುವುದಿಲ್ಲವೆಂದು ಅವಳಿಗೂ ಗೊತ್ತಿತ್ತು.

ಮಾರ್ಚ್ ತಿಂಗಳು ಬಂತು. ತಾಲ್ಲೂಕಿನಿಂದ ಆಡಿಟ್‌ನವರು ಬರುವ ಮುಂಚೆ ವರ್ಷದ ಖರ್ಚಿಗೆಲ್ಲ ಮೆಂಬರುಗಳ ಒಪ್ಪಿಗೆ ಬೀಳಬೇಕು. ನರಸಯ್ಯ ಒಂದೊಂದೇ ಬಾಬ್ತು ಓದುತ್ತಾ ಹೋದ. ಕೈಗಳು ಏಳುತ್ತಾ ಇಳಿಯುತ್ತಾ ಹೋದವು. ಕೆಳಗಿನ ಬೀದಿ ಬಾವಿಯ ಹೂಳು ತೆಗೆಸಿದ ಬಾಬ್ತು ಎಂದು ಓದಿದಾಗ ಮುನಿಶಾಮಮ್ಮ ತಲೆ ಎತ್ತಿದಳು. ತೆಗೆಸಿದ್ದು ಯಾವಾಗ? ಈಗ ಒಪ್ಪಿಗೆ ಬಿದ್ದರೆ ಕಾಗದದ ಮೇಲೆ ಆ ಬಾವಿ ಶುದ್ಧ. ಶುದ್ಧವಾದ ಬಾವಿಗೆ ಯಾವ ಸರ್ಕಾರ ಮತ್ತೆ ಕಾಸು ಬಿಚ್ಚುತ್ತದೆ? ಗೌಹರ್ ಮುದುಕಿಯಾಗುವ ತನಕ ಕೆರೆಗೆ ನಡೆಯಬೇಕಾದೀತು.

ಉಂಡ ಮನೆಗೆ ಎರಡು ಬಗೆಯಬಾರದು ಅನ್ನುತ್ತಾರೆ. ಹೇಳುವವರಿಗೇನು, ಅವರು ಕೊಡ ಹೊತ್ತು ಕೆರೆಯ ತನಕ ನಡೆದವರಲ್ಲ. ಕೈಗಳು ಏಳತೊಡಗಿದವು. ಅವಳು ಒರಗಿದ್ದ ಕಂಬದ ಕಡೆ ಮುಖ ತಿರುಗಿಸಿದಳು.

"ಕಂಬಣ್ಣ, ಕೆಳಗಲ ಬೀದಿ ಬಾವಿ ಊಳು ತೆಗ್ಸಾಯ್ತಾ?"

ಮುನಿವೆಂಕಟಯ್ಯ ಎಲೆಗೆ ಸುಣ್ಣ ಸವರುತ್ತಿದ್ದ. ತಲೆ ಎತ್ತಲಿಲ್ಲ. ಎಷ್ಟೋ ವರ್ಷದಿಂದ ಅದೇ ದನಿ, ಅದೇ ಕಂಬಣ್ಣ ಕೇಳಿದ ಕಿವಿ.

"ಎಲ್ಲಿ ತೆಗ್ಸಿದ್ದು? ಆ ದುಡ್ಡು ನಮ್ ಬೀದಿ ಜಲ್ಲೀಗೆ ಓಯ್ತಲ್ಲ" ಅಂದುಬಿಟ್ಟ.

ಚಾವಡಿಯಲ್ಲಿ ಎದ್ದ ಕೈಗಳು ಎದ್ದಲ್ಲೇ ನಿಂತವು. ಹಿಂದಿನ ಸಲ ಚೇರ್ಮನ್‌ಗಿರಿಗೆ ನಿಂತು ಸೋತಿದ್ದ ಮೆಂಬರ್ ಕದಿರಪ್ಪ ಮೊದಲು ಚೇತರಿಸಿಕೊಂಡು, ಬರೆದುಕೊಳ್ಳಿ ನರಸಯ್ಯನೋರೆ, ಚೇರ್ಮನ್ನರೇ ಒಪ್ಪಿಕೊಂಡಿದ್ದಾರೆ ಅಂದ. ಅದು ಸಭೆಗೆ ಹೇಳಿದ್ದಲ್ಲ, ಕಂಬಕ್ಕೆ ಹೇಳಿದ್ದು ಎಂದು ಮುನಿವೆಂಕಟಯ್ಯ ತೊದಲಿದ. ಮನೆಯ ಕಂಬ ನಿಮ್ಮದು, ಚಾವಡಿಯ ಕಂಬ ಪಂಚಾಯಿತಿಯದು ಎಂದ ಕದಿರಪ್ಪ. ಒಪ್ಪಿಗೆ ಬೀಳಲಿಲ್ಲ. ಆಡಿಟ್‌ನವರ ಕೈಗೆ ಸಿಕ್ಕಿಬೀಳುವುದಕ್ಕಿಂತ ಇದು ವಾಸಿ ಎಂದು ಮುನಿವೆಂಕಟಯ್ಯ ಸ್ವಂತ ಕಾಸಿನಲ್ಲಿ ಆಳು ಇಳಿಸಿ ಹೂಳು ತೆಗೆಸಿದ. ಮಳೆಗೆ ಮುಂಚೆ ಕೆಳಗಿನ ಬೀದಿಯಲ್ಲಿ ತಿಳಿನೀರು ಬಂತು.

ಮುನಿಶಾಮಮ್ಮನ ಗಂಟುಮೂಟೆ ಇವತ್ತೋ ನಾಳೆಯೋ ಬೀದಿಗೆ ಬೀಳುತ್ತದೆ ಎಂದು ಊರು ಕಾದಿತ್ತು. ಅವಳೂ ಸೀರೆಗಳನ್ನು ಮಡಿಸಿಟ್ಟಿದ್ದಳು. ಮುನಿವೆಂಕಟಯ್ಯ ಬಯ್ಯಲಿಲ್ಲ, ಹೊರಗೆ ಹಾಕಲೂ ಇಲ್ಲ. ಕಂಬಕ್ಕೆ ಉತ್ತರ ಕೊಡುವುದನ್ನು ನಿಲ್ಲಿಸಿದ, ಅಷ್ಟೇ. ರಾಗಿಹಿಟ್ಟು ಮುಗಿಯಿತು ಎಂದರೆ ಮಾತಿಲ್ಲ; ಮಾರನೆಯ ದಿನ ಹಿಟ್ಟಿನ ಚೀಲ ಮಾತ್ರ ಬಂದಿರುತ್ತಿತ್ತು. ಎರಡೇಟು ಹೊಡೆದಿದ್ದರೆ ಅತ್ತು ಮರೆಯುತ್ತಿದ್ದಳು. ಈ ಮೌನ ಅವಳನ್ನು ಒಳಗೊಳಗೇ ಸುಟ್ಟಿತು. ಮುಂದಿನ ಚುನಾವಣೆಯಲ್ಲಿ ಅವಳ ಹೆಸರು ಯಾರೂ ಎತ್ತಲಿಲ್ಲ. ಆದರೂ ದಿನವೂ ಊಟಕ್ಕೆ ಬಡಿಸಲಾ ಎಂದು ಕಂಬವನ್ನು ಕೇಳುವುದನ್ನು ಅವಳು ಬಿಡಲಿಲ್ಲ.

ಅರವತ್ತಾರರಲ್ಲಿ ಮಳೆ ಕೈಕೊಟ್ಟಿತು. ಮೇಲಿನ ಬೀದಿಯ ಬಾವಿ ತಳ ಕಂಡಿತು, ಕೆರೆ ಬಿರುಕುಬಿಟ್ಟಿತು. ನೀರು ಉಳಿದದ್ದು ಕೆಳಗಿನ ಬೀದಿಯ ಬಾವಿಯಲ್ಲಿ ಮಾತ್ರ. ಆ ಬೀದಿಯವರು ಮುಟ್ಟಿದ ನೀರನ್ನು ಮುನಿವೆಂಕಟಯ್ಯ ಹುಟ್ಟಿದಾರಭ್ಯ ಕುಡಿದವನಲ್ಲ.

ಒಂದು ಮಧ್ಯಾಹ್ನ ಯಲಹಂಕದ ಸಂತೆಯಿಂದ ನಡೆದು ಬಂದು ಕಂಬದಾಚೆ ಕುಸಿದು ಕೂತ. ಮುನಿಶಾಮಮ್ಮ ಚೆಂಬು ತಂದಿಟ್ಟು ಈಚೆ ನಿಂತಳು. ಅವನ ಕೈ ಚೆಂಬಿನ ತನಕ ಹೋಗಿ ನಿಂತಿತು.

"ಇದು ಯಾವ ಬಾವೀದು?" ಎಂದು ಕಂಬವನ್ನು ಕೇಳಿದ.

ಇಷ್ಟು ವರ್ಷದ ಮೇಲೆ ಆಡಿದ ಮೊದಲ ಮಾತು. ಮುನಿಶಾಮಮ್ಮ ಪಕ್ಕದ ಊರಿಂದ ತಂದದ್ದು ಎನ್ನಬಹುದಾಗಿತ್ತು, ಮತ್ತೆ ಶುರುವಾದ ಮಾತು ಉಳಿಯುತ್ತಿತ್ತು.

"ಕೆಳಗಲ ಬೀದೀದು, ಕಂಬಣ್ಣ. ಗೌಹರ್ ಸೇದಿಕೊಟ್ಟಳು."

ಅವನು ಚೆಂಬನ್ನು ನೋಡುತ್ತಾ ಕೂತ. ಆಮೇಲೆ ಎತ್ತಿ ಗಟಗಟನೆ ಕುಡಿದು ಮುಗಿಸಿ, ಬರಿಚೆಂಬನ್ನು ಕಂಬದ ಬುಡಕ್ಕೆ ಸರಿಸಿದ.

"ಇನ್ನೊಂದ್ ಚೆಂಬು ಬೇಕಾಗಿತ್ತು" ಅಂದ.

ಮುನಿಶಾಮಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನೀರು ತರಲು ಒಳಗೆ ಹೋದಳು.